ಒಂದು ಹಲ್ಲು ಕಡಿಮೆ

ಮಣ್ಣಿನ ದಾರಿಯಲ್ಲಿ ಬೈಕ್ ಓಡಿಸುವವನಿಗೆ ದಣಿವು ಮೊದಲು ಎಡಗೈಯ ಎರಡು ಬೆರಳುಗಳಲ್ಲಿ ಶುರುವಾಗುತ್ತದೆ. ಸೊಂಟ, ಮೊಣಕಾಲು ಎಲ್ಲ ಆಮೇಲಿನ ಮಾತು. ಬೆಳಗಾವಿಯಿಂದ ಪಶ್ಚಿಮಕ್ಕೆ, ಜಾಂಬೋಟಿ ಕಡೆಯ ಏರುಗಳಲ್ಲಿ ನನ್ನ ಗಾಡಿಯನ್ನು ಮೊದಲ ಗೇರಿಗೆ ಹಾಕಿದರೆ ಎಂಜಿನ್ ಸುಮ್ಮನೆ ಅರಚುತ್ತಿತ್ತು. ಎರಡನೆಯದಕ್ಕೆ ಹಾಕಿದರೆ ಕುಗ್ಗಿ, ಕೆಮ್ಮಿ, ಆರಿಹೋಗುತ್ತಿತ್ತು. ಕಲ್ಲು ತುಂಬಿದ ಇಕ್ಕಟ್ಟಿನ ಜಾಗ ಬಂದರೆ ಮೊದಲ ಗೇರಿನ ವೇಗವೂ ಜಾಸ್ತಿ ಎನಿಸುತ್ತಿತ್ತು. ಎಲ್ಲಕ್ಕೂ ಒಂದೇ ಮದ್ದು: ಕ್ಲಚ್ ಅರ್ಧ ಹಿಡಿ, ಅರ್ಧ ಬಿಡು. ಅರ್ಧ ಗಂಟೆ ಹೀಗೆ ಹೋದರೆ ಕ್ಲಚ್ ಪ್ಲೇಟ್ ಕಾದ ವಾಸನೆ ಮೂಗಿಗೆ ಬರುತ್ತದೆ, ಬೆರಳುಗಳು ಮಾತು ಕೇಳುವುದನ್ನು ನಿಲ್ಲಿಸುತ್ತವೆ.

ನನ್ನದು ಹೀರೋ ಎಕ್ಸ್‌ಪಲ್ಸ್ 200. ಈ ಮಾದರಿ 2019ರಲ್ಲಿ ಮಾರುಕಟ್ಟೆಗೆ ಬಂತು. ನನ್ನ ಬಳಿ ಇರುವುದು ಆಮೇಲೆ ಬಂದ ಬಿಎಸ್-6 ಗಾಡಿ. ಮುಂದೆ 21 ಇಂಚು, ಹಿಂದೆ 18 ಇಂಚಿನ ಕಡ್ಡಿ ಚಕ್ರ, ನೆಲದಿಂದ 220 ಮಿಲಿಮೀಟರ್ ಎತ್ತರ, ಐದು ಗೇರ್. ವಾರವೆಲ್ಲ ಶಹಾಪುರದಿಂದ ಉದ್ಯಮಬಾಗ ಕೈಗಾರಿಕಾ ಪ್ರದೇಶದ ವರ್ಕ್‌ಶಾಪಿಗೆ ಕೆಲಸಕ್ಕೆ ಹೋಗುವುದೂ ಇದರ ಮೇಲೆಯೇ, ರಜೆಯ ದಿನ ಹೊಲದ ದಾರಿ ಹಿಡಿಯುವುದೂ ಇದರ ಮೇಲೆಯೇ. ಹೀಗೆ ಎರಡೂ ಕಡೆ ದುಡಿಯಬೇಕಾದ ಗಾಡಿಗೆ ಕಂಪನಿ ಎರಡಕ್ಕೂ ಹೊಂದುವ ಗೇರಿಂಗ್, ಅಂದರೆ ಎಂಜಿನ್ ಸುತ್ತಿಗೂ ಚಕ್ರದ ಸುತ್ತಿಗೂ ಇರುವ ಅನುಪಾತ, ಕೊಟ್ಟಿರುತ್ತದೆ. ಅದರಲ್ಲಿ ಆಕ್ಷೇಪಿಸುವಂಥದ್ದೇನೂ ಇಲ್ಲ. ಆದರೆ ಬೆಳಗಾವಿಯ ನೆಲ ಒಂದೇ ಬಗೆಯದಲ್ಲ. ಊರಿನಿಂದ ಪಶ್ಚಿಮಕ್ಕೆ ಹೊರಟರೆ ಕೆಂಪು ಜಂಬಿಟ್ಟಿಗೆ, ಭತ್ತದ ಗದ್ದೆ, ಏರಿಳಿತ, ಮಳೆ. ಪೂರ್ವಕ್ಕೆ ಬೈಲಹೊಂಗಲ, ಸವದತ್ತಿ ಕಡೆ ಹೊರಟರೆ ಸಪಾಟಾದ ಎರೆಭೂಮಿ. ಎರಡೂ ಕಡೆ ಓಡಾಡುವ ನನಗೆ ಗೇರಿಂಗ್ ಬದಲಿಸುವ ಯೋಚನೆ ಬಂದದ್ದು ಕೆಂಪು ಮಣ್ಣಿನಿಂದ.

ಕೆಲಸಕ್ಕೆ ಕೈಹಾಕುವ ಮೊದಲು ನಮ್ಮ ಓಣಿಯ ಗ್ಯಾರೇಜಿನ ಕಾಕಾನನ್ನು ಕೇಳಿದೆ. ಜಾವಾ, ರಾಜದೂತ್ ಕಾಲದಿಂದ ಪಾನಾ ಹಿಡಿದ ಕೈ ಅವರದು. ಸ್ಪ್ರಾಕೆಟ್, ಅಂದರೆ ಚೈನ್ ಕೂರುವ ಹಲ್ಲಿನ ಗಾಲಿ (ಎಂಜಿನ್ ಬಳಿ ಒಂದು, ಹಿಂದಿನ ಚಕ್ರದಲ್ಲಿ ಒಂದು), ಬದಲಿಸುತ್ತೇನೆ ಎಂದ ಕೂಡಲೇ ಅವರು ಕೇಳಿದ್ದು ಬೇರೆ ಎರಡು ಪ್ರಶ್ನೆ.

"ತಮ್ಮಾ, ಟೈರಿನ ಗಾಳಿ ಇಳಿಸಿ ನೋಡಿದ್ದೀಯಾ?"

"ನೋಡಿದ್ದೇನೆ ಕಾಕಾ. ಹಿಡಿತ ಹೆಚ್ಚಾಯಿತು, ಕ್ಲಚ್ ಹಿಡಿಯುವುದು ಕಡಿಮೆಯಾಗಲಿಲ್ಲ."

"ಹಾಗಾದರೆ ಏರಿನಲ್ಲಿ ಗಾಡಿ ಯಾವ ಗೇರಿನಲ್ಲಿ ಸೋಲುತ್ತದೆ? ಮೊದಲನೆಯದರಲ್ಲೋ, ಎರಡನೆಯದರಲ್ಲೋ?"

ಗಾಳಿಯ ಪ್ರಶ್ನೆ ಸರಿಯಾದದ್ದೇ. ಮಣ್ಣಿನಲ್ಲಿ ಚಕ್ರ ಜಾರುವುದಕ್ಕೂ ಎಂಜಿನ್ ಎಳೆಯದೆ ಇರುವುದಕ್ಕೂ ಮದ್ದು ಬೇರೆ ಬೇರೆ. ಚಕ್ರ ಸುಮ್ಮನೆ ತಿರುಗುತ್ತಿದ್ದರೆ ಟೈರ್ ಮತ್ತು ಗಾಳಿಯನ್ನು ನೋಡಬೇಕು. ಇದು ಟ್ಯೂಬ್ ಇರುವ ಟೈರ್ ಆದ್ದರಿಂದ ತೀರಾ ಇಳಿಸಿದರೆ ಕಲ್ಲಿಗೆ ಬಡಿದು ಟ್ಯೂಬ್ ಕಚ್ಚಿಕೊಳ್ಳುತ್ತದೆ ಎಂಬುದೂ ನೆನಪಿರಬೇಕು. ಎಂಜಿನ್ನೇ ಸೋಲುತ್ತಿದ್ದರೆ ಮಾತ್ರ ಸ್ಪ್ರಾಕೆಟ್ಟಿನ ಮಾತು. ಎರಡನೆಯ ಪ್ರಶ್ನೆಗೆ ನನ್ನ ಬಳಿ ಒಡನೆ ಉತ್ತರ ಇರಲಿಲ್ಲ. ಎರಡು ಗೇರಿನ ನಡುವೆ ಸೋಲುತ್ತದೆ ಎಂದೆ. ಕಾಕಾ ತಲೆಯಾಡಿಸಿ, "ಮುಂದಿನದರಲ್ಲಿ ಒಂದು ಹಲ್ಲು ತೆಗೆ, ಸಾಕು" ಎಂದರು.

ನಾನು ದುಡಿಯುವುದು ಹಾಬಿಂಗ್ ಯಂತ್ರದ ಮುಂದೆ. ದಿನವಿಡೀ ಗೇರಿನ ಹಲ್ಲು ಕೊರೆಯುವವನಿಗೆ ಈ ಲೆಕ್ಕ ಹೊಸದಲ್ಲ. ಆದರೂ ಕಾಗದದ ಮೇಲೆ ಬರೆಯದೆ ನನಗೆ ಸಮಾಧಾನವಿಲ್ಲ. ನನ್ನ ಗಾಡಿಗೆ ಮುಂದೆ 13 ಹಲ್ಲು, ಹಿಂದೆ 40. ಅಂದರೆ ಹಿಂದಿನ ಚಕ್ರ ಒಂದು ಸುತ್ತು ಬರಲು ಮುಂದಿನ ಸ್ಪ್ರಾಕೆಟ್ 3.08 ಸುತ್ತು ಸುತ್ತಬೇಕು. ಮುಂದೆ 12 ಹಾಕಿದರೆ ಅದು 3.33 ಆಗುತ್ತದೆ. ಚಕ್ರಕ್ಕೆ ಸಿಗುವ ತಿರುಗುಬಲ ಶೇ 8.3ರಷ್ಟು ಹೆಚ್ಚು, ಅದೇ ಎಂಜಿನ್ ಸುತ್ತಿಗೆ ವೇಗ ಶೇ 7.7ರಷ್ಟು ಕಡಿಮೆ. ಹಿಂದಿನ ಟೈರ್ 120/80-18. ಅದರ ಸುತ್ತಳತೆ ಸುಮಾರು ಎರಡು ಮೀಟರ್ ನಾಲ್ಕು ಸೆಂಟಿಮೀಟರ್. ಹಾಗಾದರೆ ಮುಂದಿನ ಸ್ಪ್ರಾಕೆಟ್ಟಿನ ಒಂದು ಸುತ್ತಿಗೆ ಗಾಡಿ ಮೊದಲು 66 ಸೆಂಟಿಮೀಟರ್ ಮುಂದೆ ಸಾಗುತ್ತಿದ್ದದ್ದು ಇನ್ನು 61 ಸಾಗುತ್ತದೆ. ವ್ಯತ್ಯಾಸ ಐದು ಸೆಂಟಿಮೀಟರ್. ಎಂಜಿನ್ನಿನ ಶಕ್ತಿ ಎಳ್ಳಷ್ಟೂ ಹೆಚ್ಚುವುದಿಲ್ಲ. ಇದ್ದ ಶಕ್ತಿಯನ್ನು ಚಿಕ್ಕ ಹೆಜ್ಜೆಗಳಲ್ಲಿ ಖರ್ಚು ಮಾಡುತ್ತೇವೆ, ಅಷ್ಟೇ. "ಸ್ಪ್ರಾಕೆಟ್ ಬದಲಿಸಿ ಪವರ್ ಹೆಚ್ಚಿಸಿದೆ" ಎನ್ನುವವರನ್ನು ಕಂಡರೆ ನನಗೆ ರೇಗುತ್ತದೆ.

ಮುಂದಿನದರಲ್ಲಿ ಒಂದು ಹಲ್ಲು ಕಡಿಮೆ ಮಾಡುವುದು, ಹಿಂದಿನದರಲ್ಲಿ ಸುಮಾರು ಮೂರು ಹಲ್ಲು ಹೆಚ್ಚಿಸುವುದಕ್ಕೆ ಸಮ. 43ನ್ನು 13ರಿಂದ ಭಾಗಿಸಿದರೆ 3.31, 12–40ರ 3.33ಕ್ಕೆ ಕೂದಲೆಳೆಯಷ್ಟು ಅಂತರ. ಆದರೆ ಹಿಂದಿನದನ್ನು ಬದಲಿಸಲು ಚಕ್ರ ಕಳಚಬೇಕು, ದೊಡ್ಡ ಸ್ಪ್ರಾಕೆಟ್ ಹುಡುಕಬೇಕು, ಚೈನ್ ಉದ್ದ ಸಾಲದೆ ಹೋಗಬಹುದು. ಮುಂದಿನದಾದರೆ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು, ಬೆಲೆ ಕೆಲವೇ ನೂರು ರೂಪಾಯಿ, ಇದ್ದ ಚೈನೇ ನಡೆಯುತ್ತದೆ. ಬೇಡವೆನಿಸಿದರೆ ಹಳೆಯದನ್ನು ಮತ್ತೆ ಹಾಕಬಹುದು. ಮುಂದೆ 12, ಹಿಂದೆ 44 ಹಾಕಿಸು, ಗೋಡೆ ಹತ್ತುತ್ತದೆ ಎಂದು ಉತ್ಸಾಹ ತುಂಬಿದ ಗೆಳೆಯರಿದ್ದರು. ಗೋಡೆ ಹತ್ತುವ ಕೆಲಸ ನನಗಿಲ್ಲ, ಬೈಲಹೊಂಗಲಕ್ಕೆ ಹೋಗಿಬರುವ ಕೆಲಸ ಇದೆ.

ಸ್ಪ್ರಾಕೆಟ್ ತಂದ ಮೇಲೆ ಮೊದಲು ಮಾಡಿದ್ದು ಅದನ್ನು ವರ್ಕ್‌ಶಾಪಿನ ವೈಸ್‌ಗೆ ಕಚ್ಚಿಸಿ ಒಂದು ಹಲ್ಲಿನ ಬದಿಗೆ ಅರ ಹಾಕಿ ನೋಡಿದ್ದು. ಗಟ್ಟಿ ಮಾಡಿದ ಉಕ್ಕಾದರೆ ಅರ ಕಚ್ಚುವುದಿಲ್ಲ, ಗಾಜಿನ ಮೇಲೆ ಎಳೆದ ಹಾಗೆ ಜಾರಿಹೋಗುತ್ತದೆ. ಮೆದು ಕಬ್ಬಿಣವಾದರೆ ಹೊಳೆಯುವ ಗೀರು ಬಿದ್ದು ಪುಡಿ ಉದುರುತ್ತದೆ. ನನ್ನದರ ಮೇಲೆ ಅರ ಜಾರಿತು. ಅದೇ ಅರವನ್ನು ನಡುವಿನ ತೂತಿನ ಹತ್ತಿರ ಎಳೆದಾಗ ಸಣ್ಣಗೆ ಕಚ್ಚಿತು. ಹೀಗೇ ಇರಬೇಕು: ಹಲ್ಲು ಗಟ್ಟಿ, ಒಡಲು ತುಸು ಮೆದು. ಮುಂದಿನ ಸ್ಪ್ರಾಕೆಟ್ ಹಿಂದಿನದಕ್ಕಿಂತ ಮೂರು ಪಟ್ಟು ಹೆಚ್ಚು ಸುತ್ತುವುದರಿಂದ ಅದರ ಒಂದೊಂದು ಹಲ್ಲಿಗೂ ಅಷ್ಟೇ ಪಟ್ಟು ಕೆಲಸ. ಮೆದು ಕಬ್ಬಿಣದ್ದನ್ನು ಹಾಕಿದರೆ ಒಂದು ಮಳೆಗಾಲದಲ್ಲಿ ಹಲ್ಲುಗಳು ಕೊಕ್ಕೆಯಾಗಿ ಬಾಗುತ್ತವೆ.

ಚೈನನ್ನೂ ಅಳೆದೆ. ಸವೆದ ಚೈನಿಗೆ ಹೊಸ ಸ್ಪ್ರಾಕೆಟ್ ಜೋಡಿಸಿದರೆ ಹೊಸದೂ ಬೇಗ ಹಾಳಾಗುತ್ತದೆ. ಚೈನಿನ ಬದಿಯಲ್ಲಿ 428 ಎಂದು ಅಚ್ಚೊತ್ತಿರುತ್ತದೆ. ಅದರ ಮೊದಲ ಅಂಕೆ ಪಿಚ್ಚನ್ನು, ಅಂದರೆ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗಿರುವ ದೂರವನ್ನು, ಇಂಚಿನ ಎಂಟನೇ ಭಾಗಗಳಲ್ಲಿ ಹೇಳುತ್ತದೆ: ನಾಲ್ಕು ಎಂಟಾಂಶ, ಅಂದರೆ ಅರ್ಧ ಇಂಚು, 12.7 ಮಿಲಿಮೀಟರ್. ಹೊಸ ಚೈನಿನಲ್ಲಿ ಇಪ್ಪತ್ತು ಕೊಂಡಿಗಳ ಉದ್ದ 254 ಮಿಲಿಮೀಟರ್ ಬರಬೇಕು. ಒಂದು ಪರ್ಸೆಂಟ್ ಹಿಗ್ಗಿದರೆ 256.5. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಪಿನ್ನಿನ ನಡುವಿನಿಂದ ಪಿನ್ನಿನ ನಡುವಿಗೆ ಮುನ್ನೂರು ಮಿಲಿಮೀಟರಿನ ವರ್ನಿಯರ್ ಅಳತೆಗೋಲು ಹಿಡಿದೆ. ಒಂದೇ ಕಡೆ ಅಳೆದರೆ ಸಾಲದು, ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗುವುದಿಲ್ಲ. ಚಕ್ರ ತಿರುಗಿಸುತ್ತ ಬೇರೆ ಬೇರೆ ಕಡೆ ನೋಡಿದೆ. ಎಲ್ಲಿಯೂ 255 ದಾಟಿರಲಿಲ್ಲ. ಇನ್ನೂ ಬಾಳುವ ಚೈನ್ ಎಂದುಕೊಂಡು ಅದನ್ನೇ ಉಳಿಸಿಕೊಂಡೆ.

ಬಿಚ್ಚುವ ಕೆಲಸ ಕಾಕಾನ ಗ್ಯಾರೇಜಿನ ಮುಂದಿನ ಕಟ್ಟೆಯ ಬಳಿಯೇ ನಡೆಯಿತು. ಈ ಗಾಡಿಗೆ ನಡುವಿನ ಸ್ಟ್ಯಾಂಡ್ ಇಲ್ಲ. ಎಂಜಿನ್ ಅಡಿಯ ಬ್ಯಾಶ್ ಪ್ಲೇಟಿನ ಕೆಳಗೆ ಹಾಲಿನ ಕ್ರೇಟ್, ಅದರ ಮೇಲೆ ಹಲಗೆಯ ತುಂಡು ಕೊಟ್ಟು ಹಿಂದಿನ ಚಕ್ರ ಎತ್ತಿದೆವು. ಗೇರ್ ಲಿವರ್ ಬಿಚ್ಚುವ ಮೊದಲು ಶಾಫ್ಟಿನ ತುದಿಗೂ ಲಿವರಿಗೂ ಸೇರುವಂತೆ ಒಂದು ಬಿಳಿ ಗೆರೆ ಎಳೆದೆ. ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಲಿವರ್ ಒಂದು ಗೀರು ಮೇಲೆಯೋ ಕೆಳಗೋ ಕುಳಿತು ಬೂಟಿನ ಕೆಳಗೆ ಸಿಗುವುದಿಲ್ಲ. ಸ್ಪ್ರಾಕೆಟ್ಟಿನ ಮುಚ್ಚಳ ತೆಗೆದಾಗ ಒಳಗೆ ಕಂಡದ್ದು ಸ್ಪ್ರಾಕೆಟ್ ಅಲ್ಲ, ಕೆಂಪು ಧೂಳು ಮತ್ತು ಚೈನಿನ ಎಣ್ಣೆ ಕಲೆತು ಕಪ್ಪಾಗಿ ಗಟ್ಟಿಯಾದ ಹೆಂಟೆ. ಸ್ಕ್ರೂಡ್ರೈವರಿನಿಂದ ಒಕ್ಕಿ, ಸೀಮೆಎಣ್ಣೆ ಹಚ್ಚಿದ ಬ್ರಷ್‌ನಿಂದ ತಿಕ್ಕಿದ ಮೇಲೆ ಲೋಹ ಕಂಡಿತು. ಶಾಫ್ಟಿನ ಸುತ್ತಲಿನ ಆಯಿಲ್ ಸೀಲನ್ನು ಕಾಕಾ ಬೆರಳಿನಿಂದ ಒರೆಸಿ ಬೆಳಕಿಗೆ ಹಿಡಿದು ನೋಡಿದರು. ಬೆರಳು ಒಣಗಿತ್ತು. ಇಲ್ಲಿ ಎಣ್ಣೆ ಜಿನುಗುತ್ತಿದ್ದರೆ ಸೀಲ್ ಬದಲಿಸಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ.

ಚೈನ್ ಸಡಿಲಿಸುವ ಮೊದಲೇ ಮುಂದಿನ ಬೋಲ್ಟುಗಳನ್ನು ಸಡಿಲಿಸಿಕೊಳ್ಳಬೇಕು. ಗಾಡಿ ಗೇರಿನಲ್ಲಿರಲಿ, ಒಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಆಗ ಶಾಫ್ಟ್ ತಿರುಗುವುದಿಲ್ಲ. ಚೈನ್ ಕಳಚಿದ ಮೇಲೆ ಇದನ್ನು ಮಾಡಹೋದರೆ ಬೋಲ್ಟಿನೊಂದಿಗೆ ಸ್ಪ್ರಾಕೆಟ್ಟೂ ತಿರುಗುತ್ತದೆ. ಇಲ್ಲಿ ಸ್ಪ್ರಾಕೆಟ್ಟನ್ನು ಹಿಡಿದಿರುವುದು ದೊಡ್ಡ ನಟ್ ಅಲ್ಲ, ಎರಡು ಸಣ್ಣ ಬೋಲ್ಟಿನ ಒಂದು ತೆಳು ಲಾಕ್ ಪ್ಲೇಟ್. ಬೋಲ್ಟ್ ತೆಗೆದು ಪ್ಲೇಟನ್ನು ಅರ್ಧ ಹಲ್ಲಿನಷ್ಟು ತಿರುಗಿಸಿದರೆ ಅದು ಸ್ಪ್ಲೈನಿನ, ಅಂದರೆ ಶಾಫ್ಟಿನ ಮೇಲಿನ ಉದ್ದ ಏಣುಗಳ, ಅಡ್ಡಗೀರಿನಿಂದ ತಪ್ಪಿ ಸಲೀಸಾಗಿ ಹೊರಗೆ ಜಾರುತ್ತದೆ. ಮೊದಲ ಸಲ ನೋಡಿದವರಿಗೆ ಇಷ್ಟು ಸಣ್ಣ ತಗಡು ಇಷ್ಟು ದೊಡ್ಡ ಕೆಲಸ ಮಾಡುತ್ತದೆಯೇ ಎನಿಸಬಹುದು. ಅದರ ಕೆಲಸ ಸ್ಪ್ರಾಕೆಟ್ ಶಾಫ್ಟಿನಿಂದ ಹೊರಗೆ ಜಾರದಂತೆ ತಡೆಯುವುದು ಮಾತ್ರ. ಎಳೆತವನ್ನೆಲ್ಲ ಹೊರುವುದು ಸ್ಪ್ಲೈನ್.

ಆಮೇಲೆ ಹಿಂದಿನ ಆಕ್ಸಲ್ ನಟ್ ಸಡಿಲಿಸಿ, ಚೈನ್ ಬಿಗಿ ಹೊಂದಿಸುವ ಎರಡೂ ಬದಿಯ ಅಡ್ಜಸ್ಟರ್ ಬಿಟ್ಟು, ಚಕ್ರವನ್ನು ಮುಂದಕ್ಕೆ ನೂಕಿದೆವು. ಚೈನ್ ಸಡಿಲಾಗಿ ಹಿಂದಿನ ಸ್ಪ್ರಾಕೆಟ್ಟಿನಿಂದ ಇಳಿಯಿತು. ಮುಂದಿನದು ಕೈಗೆ ಬಂತು. ಹಳೆಯದನ್ನೂ ಹೊಸದನ್ನೂ ಒಂದರ ಮೇಲೊಂದು ಇಟ್ಟು ನೋಡಿದೆ. ಚೈನಿನ ಪಿನ್ನುಗಳು ಸಾಗುವ ಪಿಚ್ ವೃತ್ತದ ವ್ಯಾಸ 13ಕ್ಕೆ 53 ಮಿಲಿಮೀಟರ್, 12ಕ್ಕೆ 49. ನಾಲ್ಕೇ ಮಿಲಿಮೀಟರ್ ವ್ಯತ್ಯಾಸ, ಅಂದರೆ ಚೈನಿನ ಮೇಲಿನ ಎಳೆ ಎರಡು ಮಿಲಿಮೀಟರ್ ಕೆಳಗೆ ಇಳಿಯುತ್ತದೆ. ಎರಡು ಮಿಲಿಮೀಟರ್ ಎಂದರೆ ಏನು ಮಹಾ ಎನ್ನಬೇಡಿ. ಹಿಂದಿನ ಚಕ್ರವನ್ನು ಹಿಡಿದಿರುವ ತೋಳಾದ ಸ್ವಿಂಗ್ ಆರ್ಮಿನ ಮೂತಿಯ ಮೇಲೆ ಚೈನ್ ಉಜ್ಜದಂತೆ ಹಾಕಿರುವ ಪ್ಲಾಸ್ಟಿಕ್ ಪಟ್ಟಿ ಅಲ್ಲೇ ಇದೆ. ಅದರ ಮೇಲೆ ಆಗಲೇ ಎರಡು ಹೊಳೆಯುವ ಗೀರು ಬಿದ್ದಿದ್ದವು. ಪಟ್ಟಿ ಇನ್ನೂ ದಪ್ಪವಾಗಿದ್ದುದರಿಂದ ಹಾಗೇ ಬಿಟ್ಟೆ; ಮಳೆಗಾಲಕ್ಕೆ ಮುನ್ನ ಬದಲಿಸಬೇಕಾದ ಸಾಮಾನುಗಳ ಚೀಟಿಯಲ್ಲಿ ಅದರ ಹೆಸರು ಸೇರಿತು.

ಹೊಸದನ್ನು ಕೂರಿಸುವಾಗ ಯಾವ ಮುಖ ಹೊರಗಿತ್ತೋ ಅದೇ ಮುಖ ಹೊರಗೆ ಬರಬೇಕು. ತಿರುಗಿ ಕೂತರೆ ಚೈನಿನ ಸಾಲು ಒಂದೆರಡು ಮಿಲಿಮೀಟರ್ ಓರೆಯಾಗುತ್ತದೆ. ಸ್ಪ್ಲೈನಿಗೆ ತೆಳುವಾಗಿ ಗ್ರೀಸ್ ಹಚ್ಚಿ, ಬೋಲ್ಟುಗಳಿಗೆ ಲಾಕ್ ಮಾಡುವ ಅಂಟಿನ ಒಂದೊಂದು ಹನಿ ಹಾಕಿ, ಮತ್ತೆ ಬ್ರೇಕ್ ಹಿಡಿಸಿ ಬಿಗಿ ಮಾಡಿದೆ.

ಚೈನ್ ಬಿಗಿ ಮಾಡುವುದರಲ್ಲಿ ಮಾತ್ರ ಆತುರ ಸಲ್ಲದು, ಇಡೀ ಕೆಲಸದಲ್ಲಿ ನಾವು ಹೆಚ್ಚು ಹೊತ್ತು ಕಳೆದದ್ದು ಅಲ್ಲಿಯೇ. ಮುಂದೆ ಒಂದು ಹಲ್ಲು ಕಡಿಮೆಯಾದಾಗ ಚೈನ್ ಅದರ ಅರ್ಧ ಸುತ್ತನ್ನು ಮಾತ್ರ ಅಪ್ಪಿರುವುದರಿಂದ ಉಳಿಯುವುದು ಅರ್ಧ ಕೊಂಡಿ. ಅದು ಮೇಲಿನ ಎಳೆಗೂ ಕೆಳಗಿನ ಎಳೆಗೂ ಹಂಚಿಹೋಗಿ, ಚಕ್ರ ಸುಮಾರು ಮೂರು ಮಿಲಿಮೀಟರ್ ಹಿಂದೆ ಸರಿದರೆ ಮೊದಲಿನ ಬಿಗಿ ಬರುತ್ತದೆ. ಲೆಕ್ಕ ಹೀಗೆ ಹೇಳಿತು, ಅಡ್ಜಸ್ಟರ್ ಕೂಡ ಹೆಚ್ಚುಕಡಿಮೆ ಅಲ್ಲಿಯೇ ಬಂದು ನಿಂತಿತು. ಆದರೆ ಈ ಜಾತಿಯ ಗಾಡಿಗಳಲ್ಲಿ ಹಿಂದಿನ ಚಕ್ರ ಬಹಳ ಮೇಲೆ ಕೆಳಗೆ ಆಡುತ್ತದೆ. ಮುಂದಿನ ಸ್ಪ್ರಾಕೆಟ್, ಸ್ವಿಂಗ್ ಆರ್ಮಿನ ತಿರುಗಣಿ, ಹಿಂದಿನ ಆಕ್ಸಲ್ ಈ ಮೂರೂ ಒಂದೇ ಗೆರೆಗೆ ಬಂದಾಗ ಚೈನ್ ಅತಿ ಬಿಗಿಯಾಗುತ್ತದೆ. ಸ್ಟ್ಯಾಂಡಿನ ಮೇಲೆ ನಿಂತ ಗಾಡಿಯಲ್ಲಿ ಅಂದವಾಗಿ ಬಿಗಿದ ಚೈನ್, ಗುಂಡಿಗೆ ಬಿದ್ದಾಗ ತಂತಿಯಂತಾಗಿ ಶಾಫ್ಟಿನ ಬೇರಿಂಗನ್ನು ಎಳೆಯುತ್ತದೆ. ಅದಕ್ಕೆ ಕ್ರೇಟ್ ತೆಗೆದು, ನಾನೂ ಕಾಕಾನ ಮಗನೂ ಒಟ್ಟಿಗೆ ಸೀಟಿನ ಮೇಲೆ ಕುಳಿತೆವು. ಅಷ್ಟಕ್ಕೂ ಗೆರೆ ನೇರವಾಗಲಿಲ್ಲ. ಎದುರಿನ ಕಿರಾಣಿ ಅಂಗಡಿಯವರನ್ನು ಕರೆದು ಹಿಂದೆ ಕೂರಿಸಿದ ಮೇಲೆ ಮೂರೂ ಒಂದು ಸಾಲಿಗೆ ಬಂದವು. ಕಾಕಾ ಕೆಳಗೆ ಕುಳಿತು ಚೈನನ್ನು ಎರಡು ಬೆರಳಿನಲ್ಲಿ ಹಿಡಿದು ಅಲ್ಲಾಡಿಸಿದರು. ಅಷ್ಟು ಭಾರದಲ್ಲೂ ಕೊಂಚ ಸಡಿಲ ಉಳಿದಿತ್ತು. "ಇಳಿಯಿರಿ, ಸಾಕು" ಎಂದರು. ಕಿರಾಣಿ ಅಂಗಡಿಯವರು ಚಹಾ ಕುಡಿದ ಮೇಲೆಯೇ ಇಳಿದದ್ದು.

ಸ್ವಿಂಗ್ ಆರ್ಮಿನ ಮೇಲಿನ ಗೀರುಗಳನ್ನು ನಂಬಿ ಚಕ್ರ ನೇರ ಮಾಡುವುದು ನನಗೆ ಒಗ್ಗುವುದಿಲ್ಲ. ತಿರುಗಣಿಯ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಬದಿಯಲ್ಲಿ ಟೇಪ್ ಹಿಡಿದು ಅಳೆದು, ಸಮ ಬಂದ ಮೇಲೆ ಆಕ್ಸಲ್ ನಟ್ ಬಿಗಿ ಮಾಡಿದೆ. ಬಿಗಿ ಮಾಡುವಾಗ ಚಕ್ರ ಸರಿಯುತ್ತದೆ. ಚೈನಿಗೂ ಹಿಂದಿನ ಸ್ಪ್ರಾಕೆಟ್ಟಿಗೂ ನಡುವೆ ಸ್ಕ್ರೂಡ್ರೈವರಿನ ಹಿಡಿಯನ್ನು ಸಿಕ್ಕಿಸಿ ಚಕ್ರ ಹಿಂದಕ್ಕೆ ತಿರುಗಿಸಿದರೆ ಆಕ್ಸಲ್ ಅಡ್ಜಸ್ಟರಿಗೆ ಒತ್ತಿಕೊಂಡು ನಿಲ್ಲುತ್ತದೆ. ಹಳೆಯ ಉಪಾಯ, ಈಗಲೂ ನಡೆಯುತ್ತದೆ.

ಸ್ಪೀಡೋಮೀಟರಿನ ಬಗ್ಗೆ ಒಂದು ಮಾತು. ಕೆಲವು ಗಾಡಿಗಳು ವೇಗವನ್ನು ಮುಂದಿನ ಚಕ್ರದಿಂದ ಓದುತ್ತವೆ, ಕೆಲವು ಗೇರ್ ಬಾಕ್ಸಿನ ಶಾಫ್ಟಿನಿಂದ. ಎರಡನೆಯ ಬಗೆಯದಾದರೆ ಸ್ಪ್ರಾಕೆಟ್ ಬದಲಿಸಿದ ಮೇಲೆ ಮೀಟರ್ ಇರುವುದಕ್ಕಿಂತ ಹೆಚ್ಚು ವೇಗ ತೋರಿಸುತ್ತದೆ, ಓಡಿದ ಕಿಲೋಮೀಟರನ್ನೂ ಹೆಚ್ಚು ಬರೆಯುತ್ತದೆ. ಹಿಂದಿನ ಚಕ್ರ ಎತ್ತಿ ಗೇರಿನಲ್ಲಿ ತಿರುಗಿಸಿದಾಗ ಮೀಟರಿನ ಅಂಕೆ ಏರುತ್ತದೆಯೇ ಎಂದು ನೋಡಿದರೆ ನಿಮ್ಮದು ಯಾವ ಬಗೆಯದು ಎಂದು ತಿಳಿಯುತ್ತದೆ. ನನ್ನ ಲೆಕ್ಕಕ್ಕೆ ನಾನು ಬಳಸಿದ್ದು ಮೊಬೈಲಿನ ಜಿಪಿಎಸ್ ವೇಗವನ್ನು.

ಊರೊಳಗೆ ವ್ಯತ್ಯಾಸ ಗೊತ್ತಾಗುವುದು ಸಿಗ್ನಲ್ ಬಿಟ್ಟಾಗ. ಗಾಡಿ ಚುರುಕಾಗಿ ಹಾರುತ್ತದೆ, ಅಷ್ಟೇ ಬೇಗ ಎರಡನೆಯ ಗೇರ್ ಕೇಳುತ್ತದೆ. ಒಂದು ವಾರ ನನ್ನ ಎಡಗಾಲು ಹೊಸ ತಾಳಕ್ಕೆ ಹೊಂದಿಕೊಳ್ಳಲಿಲ್ಲ. ಹೆದ್ದಾರಿಗೆ ಬಿಟ್ಟರೆ ಬೇರೆ ಕಥೆ. 80ರಲ್ಲಿ ಹೋಗುತ್ತಿದ್ದರೂ ಎಂಜಿನ್ನಿಗೆ ಮೊದಲಿನ ಲೆಕ್ಕದಲ್ಲಿ 87ರ ಹತ್ತಿರ ಹೋಗುವಷ್ಟು ಸುತ್ತು. ಹ್ಯಾಂಡಲ್ ತುದಿಯಲ್ಲಿ ಸಣ್ಣ ನಡುಕ, ಆರನೆಯ ಗೇರ್ ಇದೆಯೇನೋ ಎಂದು ಕಾಲು ಹುಡುಕುತ್ತದೆ. ಧಾರವಾಡದ ಕಡೆಗೆ ದಿನಾಲೂ ಹೋಗಿಬರುವವರಿಗೆ ಈ ಬದಲಾವಣೆ ಬೇಡ ಎಂದು ನಾನು ಸಂಕೋಚವಿಲ್ಲದೆ ಹೇಳುತ್ತೇನೆ. 70ರ ಒಳಗೆ ಓಡಿಸುವ ನನ್ನಂಥವನಿಗೆ ಅದು ಸಹಿಸಿಕೊಳ್ಳಬಹುದಾದ ತೊಂದರೆ.

ನಿಜವಾದ ಪರೀಕ್ಷೆ ಆದದ್ದು ಜಾಂಬೋಟಿ ದಾಟಿ ಗೆಳೆಯನ ಗದ್ದೆಗೆ ಹೋಗುವ ಚಕ್ಕಡಿ ದಾರಿಯಲ್ಲಿ. ಅಲ್ಲಿಂದ ಮುಂದೆ ಕಾಡಿದೆ, ಭೀಮಗಡ ವನ್ಯಜೀವಿಧಾಮ ಇದೆ. 2011ರಲ್ಲಿ ಘೋಷಣೆಯಾದ ಆ ಕಾಡಿನೊಳಗೆ ಬೈಕ್ ನುಗ್ಗಿಸುವುದು ಕಾನೂನಿಗೂ ವಿರುದ್ಧ, ನನ್ನ ಮನಸ್ಸಿಗೂ ವಿರುದ್ಧ. ಗುರುತಿನವರ ಹೊಲ, ಹಳ್ಳಿಯ ದಾರಿ ಇಷ್ಟರಲ್ಲೇ ಬೇಕಾದಷ್ಟು ಕಷ್ಟ ಸಿಗುತ್ತದೆ. ಗೆಳೆಯನ ಗದ್ದೆಯ ದಾರಿ ಮೊದಲು ತಗ್ಗಿಗೆ ಇಳಿದು, ಹಳ್ಳ ದಾಟಿ, ಆಮೇಲೆ ಜಂಬಿಟ್ಟಿಗೆ ದಿಬ್ಬವನ್ನು ಒಂದೇ ಉಸಿರಿಗೆ ಏರುತ್ತದೆ. ದಿಬ್ಬದ ತುಂಬ ಕಬ್ಬಿಣದ ಬಣ್ಣದ ಸಣ್ಣ ದುಂಡು ಹರಳು. ಅದರ ಮೇಲೆ ಚಕ್ರ ನಿಲ್ಲುವುದೂ ಇಲ್ಲ, ಹೂಳುವುದೂ ಇಲ್ಲ, ಉರುಳುತ್ತದೆ.

ಮೊದಲ ಗೇರಿನಲ್ಲಿ, ಕ್ಲಚ್ ಪೂರ್ತಿ ಬಿಟ್ಟು, ಗಾಡಿ ಕುಪ್ಪಳಿಸದೆ ಎಷ್ಟು ನಿಧಾನ ಹೋಗಬಲ್ಲದು ಎಂದು ಮೊದಲೇ ಸಪಾಟು ನೆಲದಲ್ಲಿ ನೋಡಿಟ್ಟುಕೊಂಡಿದ್ದೆ: ಗಂಟೆಗೆ 12 ಕಿಲೋಮೀಟರಿನ ಆಸುಪಾಸು. ಈಗ ಅದು 11. ಕಾಗದದ ಮೇಲೆ ನಗು ಬರುವಂಥ ಲಾಭ. ಹಳ್ಳದ ಗುಂಡುಕಲ್ಲುಗಳ ನಡುವೆ ಮಾತ್ರ ಆ ಒಂದು ಕಿಲೋಮೀಟರ್ ಕೆಲಸಕ್ಕೆ ಬಂತು. ಮೊದಲು ಕ್ಲಚ್ ಹಿಡಿಯುತ್ತಿದ್ದ ಕೆಲವು ಜಾಗಗಳಲ್ಲಿ ಈಗ ಹಿಡಿಯಬೇಕಾಗಲಿಲ್ಲ. ಎಲ್ಲ ಕಡೆ ಅಲ್ಲ. ತೀರಾ ಇಕ್ಕಟ್ಟಿನಲ್ಲಿ ಇನ್ನೂ ಬೆರಳು ಬೇಕು, ಕಾಲೂ ಬೇಕು.

ಲಾಭ ಕಂಡದ್ದು ದಿಬ್ಬದಲ್ಲಿ, ಅದೂ ನಾನು ಎಣಿಸಿದ್ದ ಮೊದಲ ಗೇರಿನಲ್ಲಿ ಅಲ್ಲ, ಎರಡನೆಯದರಲ್ಲಿ. ಮೊದಲ ಗೇರಿನಲ್ಲಿ ಹತ್ತಿದರೆ ತಿರುಗುಬಲ ಹೆಚ್ಚಾಗಿ ಹಿಂದಿನ ಚಕ್ರ ಹರಳುಗಳನ್ನು ಹಿಂದಕ್ಕೆ ಚಿಮ್ಮಿಸಿ ನಿಂತಲ್ಲೇ ತೋಡಲು ಶುರುಮಾಡುತ್ತಿತ್ತು. ಇದು ಮೊದಲಿಗಿಂತ ಕೆಟ್ಟದಾಯಿತು ಎಂದೇ ಹೇಳಬೇಕು. ಎರಡನೆಯ ಗೇರಿಗೆ ಬದಲಿಸಿ ಕೆಳಗಿನಿಂದಲೇ ಸಮನಾಗಿ ಬಂದರೆ, ಮೊದಲು ಅರ್ಧ ದಾರಿಯಲ್ಲಿ ಕುಗ್ಗಿ ಆರುತ್ತಿದ್ದ ಎಂಜಿನ್ ಈಗ ಕುಗ್ಗುತ್ತಲೇ ಎಳೆಯಿತು, ಆರಲಿಲ್ಲ. ಥ್ರಾಟಲ್ ಕಾಲು ಭಾಗಕ್ಕಿಂತ ಹೆಚ್ಚು ತಿರುಗಿಸಬೇಕಾಗಲಿಲ್ಲ. ಚಕ್ರ ತೋಡಲಿಲ್ಲ. ಎರಡು ಗೇರಿನ ನಡುವೆ ನಾನು ಕ್ಲಚ್ಚಿನಿಂದ ತುಂಬುತ್ತಿದ್ದ ಕಂದಕವನ್ನು ಆ ಐದು ಸೆಂಟಿಮೀಟರ್ ತುಂಬಿತ್ತು. ಕಾಕಾ ಯಾವ ಗೇರಿನಲ್ಲಿ ಸೋಲುತ್ತದೆ ಎಂದು ಕೇಳಿದ್ದರ ಒಳಗುಟ್ಟು ಇದೇ. ಮೊದಲ ಗೇರಿನಲ್ಲಿ ಸೋಲುವ ಗಾಡಿಗೆ ಬೇಕಾದ ಬದಲಾವಣೆ ದೊಡ್ಡದು. ಎರಡನೆಯದರಲ್ಲಿ ಸ್ವಲ್ಪದರಲ್ಲಿ ಸೋಲುವ ಗಾಡಿಗೆ ಒಂದು ಹಲ್ಲು ಸಾಕು.

ಇಳಿಯುವಾಗಲೂ ಅನುಕೂಲವಾಯಿತು. ಮೊದಲ ಗೇರಿನಲ್ಲಿ ಥ್ರಾಟಲ್ ಮುಚ್ಚಿ ಬಿಟ್ಟರೆ ಎಂಜಿನ್ನೇ ಹಿಡಿದು ನಿಧಾನ ಇಳಿಸುತ್ತದೆ, ಬ್ರೇಕಿನ ಮೇಲೆ ಭಾರ ಕಡಿಮೆ. ಆದರೆ ಒದ್ದೆ ಮಣ್ಣಿನ ಮೇಲೆ ಥ್ರಾಟಲನ್ನು ಫಕ್ಕನೆ ಮುಚ್ಚಿದರೆ ಹಿಂದಿನ ಚಕ್ರ ಬಾಲ ಬೀಸುತ್ತದೆ. ಎರಡನೆಯ ಗೇರಿನಲ್ಲಿ ಇಳಿದು, ಬೇಕಾದಲ್ಲಿ ಬ್ರೇಕ್ ಮುಟ್ಟುವುದು ನನಗೆ ಹಿತವೆನಿಸಿದೆ.

ಎರೆಭೂಮಿಯ ಸುದ್ದಿ ಬೇರೆ. ಬೈಲಹೊಂಗಲದ ಆಚೆ ಒಣ ದಿನಗಳಲ್ಲಿ ಹೊಲದ ದಾರಿ ಗಟ್ಟಿ, ಟ್ರ್ಯಾಕ್ಟರಿನ ಗಾಲಿಯ ಜಾಡು ಮೊಣಕಾಲುದ್ದ. ಅಲ್ಲಿ ಮೂರನೆಯ ಗೇರಿನಲ್ಲಿ ಆರಾಮವಾಗಿ ಹೋಗಬಹುದು, ಹಳೆಯ ಸ್ಪ್ರಾಕೆಟ್ಟಿದ್ದರೂ ಹೋಗಬಹುದಿತ್ತು. ಮಳೆ ಬಿದ್ದ ಮರುದಿನ ಹೋದರೆ ಯಾವ ಸ್ಪ್ರಾಕೆಟ್ಟೂ ನೆರವಿಗೆ ಬರುವುದಿಲ್ಲ. ಎರೆ ಮಣ್ಣು ಟೈರಿಗೆ ಸುತ್ತಿಕೊಂಡು, ಸ್ವಿಂಗ್ ಆರ್ಮಿಗೆ ತುಂಬಿ, ಚೈನಿನೊಂದಿಗೆ ಮುಂದಿನ ಮುಚ್ಚಳದೊಳಗೂ ಹೋಗಿ ಚಕ್ರವನ್ನೇ ಕಟ್ಟಿಹಾಕುತ್ತದೆ. ಕಡ್ಡಿಯಿಂದ ಕೆರೆದು ಹತ್ತು ಮಾರು ಹೋಗುವಷ್ಟರಲ್ಲಿ ಮತ್ತೆ ತುಂಬುತ್ತದೆ. ಅಲ್ಲಿನ ರೈತರು ಅಂಥ ದಿನ ಗಾಡಿಯನ್ನು ಡಾಂಬರು ರಸ್ತೆಯ ಬದಿಗೇ ನಿಲ್ಲಿಸಿ, ಚಪ್ಪಲಿ ಕೈಯಲ್ಲಿ ಹಿಡಿದು ನಡೆದು ಹೋಗುತ್ತಾರೆ. ನಾನೂ ಹಾಗೇ ಮಾಡುತ್ತೇನೆ.

ಇನ್ನು ಈ ಬದಲಾವಣೆಗೆ ಚೈನ್ ತೆರುವ ಬೆಲೆ. ಸ್ಪ್ರಾಕೆಟ್ಟನ್ನು ಸುತ್ತಿಬರುವಾಗ ಪ್ರತಿ ಕೊಂಡಿಯೂ 13 ಹಲ್ಲಿನ ಮೇಲೆ 27.7 ಡಿಗ್ರಿ ಮಡಚಿಕೊಳ್ಳುತ್ತದೆ, 12ರ ಮೇಲೆ 30 ಡಿಗ್ರಿ. ಹಲ್ಲು ಕಡಿಮೆಯಾದಷ್ಟೂ ವೃತ್ತ ಬಹುಭುಜವಾಗುತ್ತ ಹೋಗುವುದರಿಂದ ಚೈನಿನ ಓಟದಲ್ಲಿ ಏರಿಳಿತ ಹೆಚ್ಚುತ್ತದೆ: 13ರಲ್ಲಿ ಶೇ 2.9ರಷ್ಟಿದ್ದದ್ದು 12ರಲ್ಲಿ ಶೇ 3.4. ನಿಧಾನ ಹೋಗುವಾಗ ಕಾಲಿನ ಕೆಳಗೆ ಕೇಳುವ ಕಟಕಟ ಸದ್ದು ಮೊದಲಿಗಿಂತ ತುಸು ಜೋರಾಗಿರುವುದು ಅದಕ್ಕೇ. ಗೇರ್ ಕೊರೆಯುವವನಾದ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ಇನ್ನೊಂದು. ಚೈನಿನಲ್ಲಿ ಒಳಕೊಂಡಿ, ಹೊರಕೊಂಡಿ ಒಂದಾದ ಮೇಲೊಂದು ಬರುತ್ತವೆ, ಆದ್ದರಿಂದ ಒಟ್ಟು ಕೊಂಡಿಗಳ ಸಂಖ್ಯೆ ಸಾಮಾನ್ಯವಾಗಿ ಸಮ. ಸ್ಪ್ರಾಕೆಟ್ಟಿನ ಹಲ್ಲು ಬೆಸವಾಗಿದ್ದರೆ ಒಂದು ಹಲ್ಲು ಈ ಸುತ್ತಿನಲ್ಲಿ ಒಳಕೊಂಡಿಯನ್ನು ಹಿಡಿದರೆ ಮುಂದಿನ ಸುತ್ತಿನಲ್ಲಿ ಹೊರಕೊಂಡಿಯನ್ನು ಹಿಡಿಯುತ್ತದೆ. ಸವೆತ ಎಲ್ಲ ಹಲ್ಲಿಗೂ ಹಂಚಿಹೋಗುತ್ತದೆ. ಹಲ್ಲು ಸಮವಾಗಿದ್ದರೆ ಒಳಕೊಂಡಿ ಹಿಡಿದ ಹಲ್ಲು ಕೊನೆಯವರೆಗೂ ಒಳಕೊಂಡಿಯನ್ನೇ ಹಿಡಿಯುತ್ತದೆ. ಮೊನ್ನೆ ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡಿದಾಗ, ಒಂದು ಬಿಟ್ಟು ಒಂದು ಹಲ್ಲಿನ ಬದಿಯಲ್ಲಿ ಹೊಳಪು ಹೆಚ್ಚಾಗಿ ಕಂಡಿತು. ಉಳಿದವರು ನೋಡಿದರೆ ಗಮನಕ್ಕೂ ಬಾರದಷ್ಟು. ನನ್ನ ಕಣ್ಣಿಗೆ ಬಿದ್ದ ಮೇಲೆ ಸುಮ್ಮನಿರಲು ಆಗುವುದಿಲ್ಲ.

ಹಾಗಾಗಿ ಈ ಚೈನ್ ಸವೆದ ದಿನ ಮುಂದೆ 13ಕ್ಕೇ ಮರಳಿ, ಹಿಂದೆ 43 ಹಾಕುವುದೆಂದು ನಿರ್ಧರಿಸಿದ್ದೇನೆ. ಎರಡೂ ಬೆಸ, ಎಳೆತ ಹೆಚ್ಚುಕಡಿಮೆ ಈಗಿನಷ್ಟೇ, ಚೈನ್ ಪಟ್ಟಿಯಿಂದ ಮೊದಲಿನಂತೆ ಎರಡು ಮಿಲಿಮೀಟರ್ ಮೇಲೆ. 43 ಹಲ್ಲಿನದು ಇಲ್ಲಿನ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ. ಸಿಗದಿದ್ದರೆ ಉದ್ಯಮಬಾಗದಲ್ಲಿ ಇರುವವನಿಗೆ ಅದೇನು ದೊಡ್ಡ ಮಾತಲ್ಲ. ಇಎನ್-8 ಉಕ್ಕಿನ ತಟ್ಟೆ, ಪಿಚ್ ವ್ಯಾಸ 174 ಮಿಲಿಮೀಟರ್, ಹಲ್ಲು ಕೊರೆಯುವುದು ನಾನೇ, ಗಟ್ಟಿ ಮಾಡಿಸುವುದು ಪಕ್ಕದ ಬೀದಿಯಲ್ಲಿ. ಡ್ರಾಯಿಂಗ್ ಬರೆದು ಮೇಜಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಈಗಿನ 40 ಹಲ್ಲಿನದಕ್ಕಿಂತ ಅದು ಸುತ್ತಲೂ ಆರು ಮಿಲಿಮೀಟರ್ ದೊಡ್ಡದು. ಚೈನ್ ಗಾರ್ಡಿನ ಒಳಬದಿಯಲ್ಲಿ ಅಷ್ಟು ಜಾಗ ಇದೆಯೇ ಎಂದು ಜೇಡಿಮಣ್ಣಿನ ಉಂಡೆ ಅಂಟಿಸಿ ಚಕ್ರ ತಿರುಗಿಸಿ ನೋಡಿದೆ, ಇದೆ. ಇನ್ನು ಎಷ್ಟು ಕೊಂಡಿಯ ಚೈನ್ ತರಿಸಬೇಕು ಎಂಬುದೊಂದು ಬಾಕಿ: ಮೂರು ಹಲ್ಲು ಹೆಚ್ಚಿದರೆ ಒಂದೂವರೆ ಕೊಂಡಿ ಹೆಚ್ಚು ಬೇಕು, ಅರ್ಧ ಕೊಂಡಿ ಮಾರುವವರಿಲ್ಲ. ಎರಡು ಕೊಂಡಿ ಸೇರಿಸಿದರೆ ಆಕ್ಸಲ್ ತುಸು ಹಿಂದೆ ನಿಲ್ಲುತ್ತದೆ, ಸೇರಿಸದಿದ್ದರೆ ಒಂದು ಸೆಂಟಿಮೀಟರಿನಷ್ಟು ಮುಂದೆ ಬರುತ್ತದೆ. ಅಡ್ಜಸ್ಟರಿನಲ್ಲಿ ಮುಂದೆ ಅಷ್ಟು ಜಾಗ ಉಳಿದಿಲ್ಲ. ಎರಡು ಹೆಚ್ಚು ಇರುವ ಚೈನನ್ನೇ ತರಿಸು ಎನ್ನುತ್ತಾರೆ ಕಾಕಾ.